ಪಟ್ಟಿಯಲ್ಲಿ ಇಲ್ಲದ ಡೇರೆ ಹೂವು

ಈ ವಿಷಯ ಕೇಳಿದ ಮೇಲೆ ಎರಡು ದಿನ ನನ್ನ ಮನಸ್ಸಿಗೆ ಸಮಾಧಾನವೇ ಇರಲಿಲ್ಲ... ಅದಕ್ಕೇ ನಿಮಗೂ ಹೇಳುತ್ತಿದ್ದೇನೆ.

ಹಾಸನದಲ್ಲಿ ಪುಟ್ಟಲಕ್ಷ್ಮಿ ಅಂತ ಒಬ್ಬಳು ಬಸ್ ಕಂಡಕ್ಟರ್. ಬೆಳಗ್ಗೆ ಆರಕ್ಕೆ ಡ್ಯೂಟಿಗೆ ಹೋದರೆ ಮನೆ ಸೇರುವಾಗ ಸಂಜೆ.

ಬಾಡಿಗೆ ಮನೆಯ ತಾರಸಿಯ ತುಂಬ ಹಳೆಯ ಪೇಂಟ್ ಡಬ್ಬಗಳು... ಅವುಗಳಲ್ಲಿ ಡೇರೆ ಗಿಡ. ಅದೇ, ಡೇಲಿಯಾ ಅನ್ನುತ್ತೇವಲ್ಲ, ಆ ಹೂವು.

ಈ ಹುಚ್ಚು ಹಿಡಿಸಿದವರು ಎದುರುಮನೆಯ ವನಮಾಲಾ ಅಕ್ಕ. ರಿಟೈರ್ಡ್ ಹೈಸ್ಕೂಲ್ ಟೀಚರ್. ಊರಿನ ತೋಟಗಾರಿಕಾ ಸಂಘದ ಫಲಪುಷ್ಪ ಪ್ರದರ್ಶನದಲ್ಲಿ ಡೇರೆಗೆ ಮೊದಲ ಬಹುಮಾನ ಐದು ವರ್ಷದಿಂದ ಅವರಿಗೇ.

ಪುಟ್ಟಲಕ್ಷ್ಮಿಗೆ ಮೊದಲ ಗೆಡ್ಡೆ ಕೊಟ್ಟವರು ಅವರು. ಪಕ್ಕದ ಮೊಗ್ಗುಗಳನ್ನು ಚಿವುಟಿ ಒಂದನ್ನೇ ಉಳಿಸಿದರೆ ಹೂವು ದೊಡ್ಡದಾಗುತ್ತದೆ ಎಂದು ಹೇಳಿಕೊಟ್ಟವರೂ ಅವರೇ.

ಅವಳು ಜ್ವರದಿಂದ ಮಲಗಿದ್ದಾಗ ಮೂರು ಹೊತ್ತೂ ಗಂಜಿ ತಂದುಕೊಟ್ಟ ಜೀವ ಅದು...

ಪುಟ್ಟಲಕ್ಷ್ಮಿ ಮೂರು ವರ್ಷ ಸ್ಪರ್ಧೆಗೆ ಇಟ್ಟಳು. ಒಮ್ಮೆಯೂ ಸಮಾಧಾನಕರ ಬಹುಮಾನ ದಾಟಲಿಲ್ಲ.

ನಾಲ್ಕನೇ ವರ್ಷ ಮಾತ್ರ... ಅವಳೇ ಬೀಜ ಹಾಕಿ ಬೆಳೆಸಿದ ಗಿಡದಲ್ಲಿ ಊಟದ ತಟ್ಟೆಯಷ್ಟು ಅಗಲದ ಹೂವು! ದಟ್ಟ ಕೆಂಪು ಎಸಳು, ತುದಿಗೆ ಮಾತ್ರ ಬಿಳಿ.

ಓಡಿಹೋಗಿ ಕರೆದುಕೊಂಡು ಬಂದಿದ್ದು ವನಮಾಲಾ ಅಕ್ಕನನ್ನೇ.

ಅವರು ತುಂಬ ಹೊತ್ತು ನೋಡಿದರು. "ಚೆನ್ನಾಗಿದೆ ಕಣೇ" ಅಂದರು... ಇಟ್ಟ ಕಾಫಿ ಕುಡಿಯದೇ ಇಳಿದು ಹೋದರು.

ಸಂಘದ ಆಫೀಸು ತೆರೆಯುವುದು ಮಧ್ಯಾಹ್ನ ಮಾತ್ರ. ಆ ಹೊತ್ತಿಗೆ ಇವಳು ಬಸ್ಸಿನಲ್ಲಿ.

"ಅಕ್ಕಾ, ನಾಡಿದ್ದು ಲಾಸ್ಟ್ ಡೇಟು. ನಂಗೆ ರಜಾ ಸಿಗ್ತಿಲ್ಲ. ನಿಮ್ಮ ಫಾರಂ ಜೊತೆ ನಂದೂ ಕೊಟ್ಬಿಡ್ತೀರಾ?"

"ಅದನ್ನೂ ಕೇಳ್ಬೇಕೇನೇ? ಕೊಡು ಇಲ್ಲಿ."

ಪ್ರದರ್ಶನದ ದಿನ ಡ್ಯೂಟಿ ಬದಲಾಯಿಸಿಕೊಂಡಳು. ಆಟೋದಲ್ಲಿ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು, ಹೂವಿಗೆ ಗಾಳಿ ತಾಗದಂತೆ ಸೆರಗು ಹಿಡಿದು ಹೋದಳು.

ಕೌಂಟರಿನಲ್ಲಿ ಗುಮಾಸ್ತ ಚನ್ನಕೇಶವಯ್ಯ ಪಟ್ಟಿಯನ್ನು ಎರಡು ಸಲ ನೋಡಿದರು.

"ನಿಮ್ಮ ಹೆಸರು ಇಲ್ವಲ್ಲಮ್ಮ..."

"ಸರಿಯಾಗಿ ನೋಡಿ ಸಾರ್. ವನಮಾಲಾ ಅಕ್ಕ ಕೊಟ್ಟಿದ್ದಾರೆ."

ಅಷ್ಟರಲ್ಲಿ ಅಕ್ಕನೇ ಬಂದರು. "ನಾನು ಎರಡೂ ಕೊಟ್ಟಿದ್ದೀನಪ್ಪ. ನೀವೇ ಎಲ್ಲೋ ಕಳ್ಕೊಂಡಿರ್ಬೇಕು."

ಸಂಘದ ಕಾರ್ಯದರ್ಶಿ ಎಲ್ಲರೆದುರೇ ಗುಮಾಸ್ತರ ಮೇಲೆ ರೇಗಿದರು. ಪುಟ್ಟಲಕ್ಷ್ಮಿಗೂ ಸಿಟ್ಟು ತಡೆಯಲಿಲ್ಲ.

"ನಮ್ಮಂಥೋರ ಫಾರಂ ಅಂದ್ರೆ ನಿಮ್ಗೆ ಅಷ್ಟು ಸಸಾರಾನಾ ಸಾರ್?"

ಚನ್ನಕೇಶವಯ್ಯನವರ ಕಣ್ಣು ತುಂಬಿತು.

"ಇಪ್ಪತ್ತು ವರ್ಷದಲ್ಲಿ ಒಂದು ಕಾಗದ ಕಳ್ಕೊಂಡಿಲ್ಲಮ್ಮ ನಾನು. ಮೇಡಂ ತಂದಿದ್ದು ಒಂದೇ ಫಾರಂ. ಕಂಡಕ್ಟರಮ್ಮ ಈ ಸಲ ಇಡಲ್ವಾ ಅಂತ ನಾನೇ ಕೇಳ್ದೆ. ಅವಳ ಗಿಡಕ್ಕೆ ಹುಳ ಬಿದ್ದಿದೆ, ಇಡಲ್ವಂತೆ ಅಂದ್ರು... ಅಲ್ವಾ ಮೇಡಂ?"

ಪುಟ್ಟಲಕ್ಷ್ಮಿ ಅಕ್ಕನ ಮುಖ ನೋಡಿದಳು. ಸುಳ್ಳು ಅಂತ ಒಂದು ಮಾತು ಹೇಳಲಿ ಎಂದು ಕಾದಳು...

ವನಮಾಲಾ ಅಕ್ಕ ತಲೆ ಎತ್ತಲಿಲ್ಲ.

ಪುಟ್ಟಲಕ್ಷ್ಮಿ ಕುಂಡವನ್ನು ನೆಲಕ್ಕಿಟ್ಟು, ಮೊದಲು ಗುಮಾಸ್ತರಿಗೆ ಕೈಮುಗಿದಳು. "ತಪ್ಪಾಯ್ತು ಸಾರ್... ಬೈಬಾರದವರನ್ನ ಬೈದ್ಬಿಟ್ಟೆ."

ಕಾರ್ಯದರ್ಶಿ ಪೇಪರ್, ಪೆನ್ನು ಮುಂದಿಟ್ಟರು. "ಕಂಪ್ಲೇಂಟ್ ಬರೆದು ಕೊಡಮ್ಮ. ನಿಮ್ಮ ಎಂಟ್ರಿ ಈಗ ತಗೊಳ್ಳೋಕೆ ರೂಲ್ಸ್ ಇಲ್ಲ, ಆದ್ರೆ ಅವರ ಎಂಟ್ರಿ ಕ್ಯಾನ್ಸಲ್ ಮಾಡ್ತೀವಿ."

ಅವಳು ಪೆನ್ನು ಹಿಡಿದಳು. ಟೇಬಲ್ ಮೇಲೆ ಸಾಲಾಗಿ ಇಟ್ಟಿದ್ದ ಕುಂಡಗಳಲ್ಲಿ ಅಕ್ಕನ ಹಳದಿ ಡೇರೆ ಕಂಡಿತು. ಎಸಳಿನಲ್ಲಿ ಒಂದು ಕಲೆಯೂ ಇರಲಿಲ್ಲ.

"ಬೇಡ ಬಿಡಿ ಸಾರ್. ಆ ಗಿಡ ಅವರು ಕಷ್ಟಪಟ್ಟೇ ಬೆಳೆಸಿದ್ದಾರೆ... ಅದರಲ್ಲಿ ಸುಳ್ಳಿಲ್ಲ."

ಪೆನ್ನು ಕೆಳಗಿಟ್ಟು, ತನ್ನ ಕುಂಡ ಎತ್ತಿಕೊಂಡು ಹೊರಟುಹೋದಳು. ಆ ವರ್ಷವೂ ಮೊದಲ ಬಹುಮಾನ ವನಮಾಲಾ ಅವರಿಗೇ.

ವಾರದ ನಂತರ ಬಾಗಿಲು ಬಡಿದ ಸದ್ದು. ವನಮಾಲಾ ಅಕ್ಕ... ಕೈಯಲ್ಲಿ ಬಹುಮಾನದ ಕಪ್. ಅತ್ತು ಅತ್ತು ಮುಖ ಊದಿತ್ತು.

"ನಿನ್ನ ಹೂ ನೋಡಿದ ದಿನ ನಂಗೆ ಹೆದ್ರಿಕೆ ಆಗೋಯ್ತು ಕಣೇ. ರಿಟೈರ್ ಆದ್ಮೇಲೆ ನನ್ನ ಹೆಸರು ಹೇಳೋದು ಆ ಒಂದು ದಿನ, ಆ ಸ್ಟೇಜ್ ಮೇಲೆ ಮಾತ್ರ. ಅದೂ ಹೋಗ್ಬಿಡುತ್ತಲ್ಲ ಅನ್ನಿಸ್ತು... ಇದು ನಿಂದೇ, ತಗೋ."

ಪುಟ್ಟಲಕ್ಷ್ಮಿ ಕೈ ಚಾಚಲಿಲ್ಲ.

"ನಾನು ಗೆದ್ದಿದ್ರೆ ಸ್ಟೇಜ್ ಮೇಲೆ ಏನು ಹೇಳ್ಬೇಕು ಅಂತ ಬಸ್ಸಲ್ಲಿ ಬಾಯಿಪಾಠ ಮಾಡ್ಕೊಂಡಿದ್ದೆ ಅಕ್ಕಾ..."

ಅವಳು ಬಾಗಿಲು ಹಿಡಿದುಕೊಂಡೇ ಮುಂದುವರಿಸಿದಳು.

"ಇದನ್ನ ಬೆಳೆದಿದ್ದು ನಾನಲ್ಲ, ನನ್ನ ಕೈ ಹಿಡಿದು ಕಲಿಸಿದ ವನಮಾಲಾ ಅಕ್ಕ... ಅವರನ್ನೂ ಸ್ಟೇಜ್ ಮೇಲೆ ಕರೀರಿ ಅಂತ."

ಚಾಚಿದ್ದ ಕಪ್ಪನ್ನು ಅಕ್ಕ ಹಿಂದಕ್ಕೆ ತೆಗೆದುಕೊಂಡರು.

"ನಿಮ್ಮ ಮೇಲೆ ಕೋಪ ಇಲ್ಲಕ್ಕಾ. ಆದ್ರೆ ಇನ್ಮೇಲೆ ನಿಮ್ಮನ್ನ ನಂಬೋಕೆ ನಂಗೆ ಬರಲ್ಲ."

ಬಾಗಿಲು ನಿಧಾನವಾಗಿ ಮುಚ್ಚಿಕೊಂಡಿತು.

ಮರುವರ್ಷ ಪುಟ್ಟಲಕ್ಷ್ಮಿ ಅರ್ಧ ದಿನ ರಜೆ ಹಾಕಿ, ತಾನೇ ಹೋಗಿ ಫಾರಂ ಕೊಟ್ಟಳು. ಮೊದಲ ಬಹುಮಾನ ಅವಳಿಗೇ ಬಂತು. ವನಮಾಲಾ ಅಕ್ಕ ಸ್ಪರ್ಧೆಯ ಕಡೆಗೇ ಬರಲಿಲ್ಲ.

ಫೋಟೋ ತೆಗೆಯುವಾಗ ಚನ್ನಕೇಶವಯ್ಯ, "ಸ್ವಲ್ಪ ನಗಮ್ಮ" ಅಂದರು...

ಅವಳಿಗೆ ನಗು ಬರಲಿಲ್ಲ.

*ಸೋತ ನೋವು ಮುಂದಿನ ಗೆಲುವಿಗೆ ಮಾಯುತ್ತದೆ... ನಂಬಿದವರು ಕೊಟ್ಟ ನೋವು ಗೆದ್ದ ದಿನವೂ ಮಾಯುವುದಿಲ್ಲ.*

ನಿಮ್ಮನ್ನೇ ನಂಬಿ ಯಾರೋ ಕೈಗಿತ್ತ ಕೆಲಸವೊಂದು, ತಲುಪಬೇಕಾದಲ್ಲಿಗೆ ತಲುಪದೆ, ಇನ್ನೂ ನಿಮ್ಮ ಬಳಿಯೇ ಉಳಿದಿದೆಯಾ?