ಬಿಟ್ಟುಹೋದವಳಿಗೆ ಫೋನು

ಕೆಲಸ ಬಿಡುವ ಮುನ್ನ, ಅದನ್ನು ಬಿಟ್ಟು ಕೆಲವು ವರ್ಷ ಕಳೆದಿರುವ ಭವಿಷ್ಯದ ತನಗೇ ಫೋನು ಮಾಡಿ ಕೇಳುವುದು ಈಗ ಎಲ್ಲರ ರೂಢಿ. ಹೆಂಗಸಾದರೆ, ಆ ಮುಂದಿನವಳು ವಯಸ್ಸಿನಲ್ಲಿ ದೊಡ್ಡವಳಾದ್ದರಿಂದ ಅಕ್ಕ ಎನ್ನಬೇಕು. ಕೆಲಸದ ಮಾತಷ್ಟೇ ಆಡಬೇಕು. ಮನೆಯ ಸುದ್ದಿ ಕೇಳುವುದು ಅಪಶಕುನ.

ಧಾರವಾಡದ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ ಬೇಸತ್ತಿದ್ದ ಶಶಿಕಲಾ ಹುಬ್ಬಳ್ಳಿಯ ದವಾಖಾನೆಯೊಂದು ಕೆಲಸಕ್ಕೆ ಕರೆದಾಗ, ಅಡುಗೆಮನೆಯಿಂದಲೇ ಆ ಅಕ್ಕನಿಗೆ ಫೋನು ಹಚ್ಚಿದಳು.

"ಅಕ್ಕಾ, ಹುಬ್ಬಳ್ಳಿ ದವಾಖಾನಿ ಕೆಲಸ ಹ್ಯಾಂಗೈತಿ?"

"ಚಲೋ ಐತಿ. ಪಗಾರ ಚಲೋ, ಸಾಹೇಬ್ರು ಮರ್ಯಾದಿ ಕೊಡ್ತಾರ."

ಇಷ್ಟು ಒಳ್ಳೆಯ ಸುದ್ದಿಯನ್ನು ಇಷ್ಟು ಸಪ್ಪಗೆ ಹೇಳುವುದೇ ಎಂದು ಶಶಿಕಲಾಗೆ ಸಿಟ್ಟೇ ಬಂತು. "ಹಂಗಾರ ಇಲ್ಲೀ ಕೆಲಸ ಬಿಡ್ಲೇನು?"

ಅಕ್ಕ ಉತ್ತರಿಸುವ ಮೊದಲೇ ಗಂಡ ಮಹಾಂತೇಶ ಪಡಸಾಲೆಯಿಂದ ಕೂಗಿದ. "ಹೂಂ ಅಂದ್ಬಿಡ! ದಿನಾ ನಾನ ಗಾಡಿ ಮ್ಯಾಲೆ ಬಿಟ್ಟು ಬರ್ತೀನಿ, ಬೈಪಾಸ್ ಹಿಡಿದ್ರ ಅರ್ಧ ತಾಸು!"

ಆ ಕಡೆ ಕುರ್ಚಿ ಎಳೆದುಕೊಂಡ ಸದ್ದಾಯಿತು.

"ಅಕ್ಕಾ?" ಎಂದಳು ಶಶಿಕಲಾ.

"ಅವರಿಗೆ ಇನ್ನೊಮ್ಮೆ ಮಾತಾಡಾಕ ಹೇಳ, ತಂಗಿ. ಏನರ ಒಂದು ಮಾತು."