ಪದ್ಯದ ಉಳಿದರ್ಧ

ಭೂಮಿ ತಿರುಗುವುದು ನಿಧಾನವಾಗಿ ಒಂದು ಹಗಲು, ಒಂದು ಇರುಳು ತಿಂಗಳಿಡೀ ಉಳಿಯುವ ಕಾಲ ಬಂದಮೇಲೆ, ಇರುಳಿನ ಊರಿನವರು ಆನ್‌ಲೈನ್ ಬಳಗದಲ್ಲಿ ಬರೆದುಕೊಳ್ಳುವುದನ್ನು ಹಗಲಿನ ಊರಿನ ಸ್ವಯಂಸೇವಕರೇ ಓದುತ್ತ, ಅವರು ಕತ್ತಲಲ್ಲಿ ಕುಗ್ಗದಂತೆ ಕಾಯುತ್ತಿದ್ದರು. ಗದಗಿನಲ್ಲಿ ಈಗ ಹೊತ್ತು ಮುಳುಗುತ್ತಿತ್ತು. ಅಲ್ಲಿನ ವಾರಿಜಾಕ್ಷಿ ಕಾವಲನ್ನು ಇನ್ನೂ ಹಗಲಿರುವ ನೈರೋಬಿಯ ಗುರುಲಿಂಗನಿಗೆ ಒಪ್ಪಿಸಬೇಕು, ಆದರೆ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕತ್ತಲ ಸಿಡ್ನಿಯಲ್ಲಿ ಒಬ್ಬರೇ ಇರುವ ಮುದುಕಿ ಶಾಂತವೀರಮ್ಮ "ಇನ್ನ ಸಾಕಾತು" ಎಂದು ಬರೆದವರು, ಆಮೇಲೆ ಯಾರು ಕರೆದರೂ ಓಗೊಟ್ಟಿರಲಿಲ್ಲ.

"ಆಕಿನ್ನ ಕರೀತಾ ಇರು, ಗುರುಲಿಂಗ. ಬಿಡಬ್ಯಾಡ."

"ಹೂಂ ಅಕ್ಕಾರ."

ಕಾವಲು ಒಪ್ಪಿಸುವವರು ಬಳಗದ ಫೋನ್ ಕರೆಯಲ್ಲಿ ಅರ್ಧ ಪದ್ಯ ಹಾಡಬೇಕು, ವಹಿಸಿಕೊಳ್ಳುವವರು ಉಳಿದರ್ಧ ಮುಗಿಸಬೇಕು. ಇಡೀ ಬಳಗಕ್ಕೆ ಅದು ಕೇಳಿಸುತ್ತದೆ.

"ನಂದು ಒಡಕ ಮಡಿಕಿ ದನಿ, ಅಕ್ಕಾರ. ಬರದು ಕಳಸ್ಲೇನು?"

"ಬರದ್ರ ನೀ ಎಚ್ಚರ ಅದಿ ಅಂತ ಹೆಂಗ ನಂಬಲಿ? ಹಾಡು."

ವಾರಿಜಾಕ್ಷಿ ಕಣ್ಣು ಮುಚ್ಚಿ ಎತ್ತಿಕೊಂಡಳು:

"ಇರುಳಿನ ಮನೆಗೆ ಹಗಲಿನ ಕಾವಲು..."

ಗುರುಲಿಂಗ ಕೆಮ್ಮಿದ. ಗಂಟಲು ಸರಿಮಾಡಿಕೊಂಡ. ಮತ್ತೆ ಕೆಮ್ಮಿದ. ಅಷ್ಟರಲ್ಲಿ ನಡುಗುವ ದನಿಯೊಂದು ನಿಧಾನವಾಗಿ ಕೇಳಿಬಂತು:

"ಹಗಲಿನ ಮನೆಗೆ ಇರುಳಿನ ಹಾರೈಕೆ."

ವಾರಿಜಾಕ್ಷಿ ತಟ್ಟನೆ ಕಣ್ಣು ತೆರೆದಳು.

"ಅರ್ಧಕ್ಕ ಹಂಗ ಬಿಡಬಾರದಪ್ಪಾ ಪದ್ಯಾನ," ಎಂದರು ಶಾಂತವೀರಮ್ಮ.