ಮೂರನೆಯ ಲ್ಯಾಂಪು

ಶಾಲೆಯ ಪ್ರೊಜೆಕ್ಟರನ್ನು ಮಗುವಿನಂತೆ ಎದೆಗವಚಿಕೊಂಡು ವಿಮಲಾಕ್ಷಿ ಟೀಚರ್ ಮತ್ತೆ ಅಂಗಡಿಗೆ ಬಂದರು.

“ಈ ಲ್ಯಾಂಪೂ ಮಂಕು. ಪರದೆ ಮೇಲೆ ಹಿಮಾಲಯ ಕೂಡ ಕೆಂಪಗೆ ಕಾಣ್ಸುತ್ತೆ. ಮಕ್ಕಳು ಜ್ವಾಲಾಮುಖಿ ಅಂತ ಬರ್ಕೊಂಡಿದಾರೆ.”

ಅಂಗಡಿಯವನು ಸ್ವಿಚ್ ಒತ್ತಿದ. ಗೋಡೆಯ ಮೇಲೆ ಹಾಲಿನಂಥ ಬೆಳಕು ಚೆಲ್ಲಿತು.

“ಚೆನ್ನಾಗೇ ಇದೆಯಲ್ಲ ಮೇಡಂ. ಹೋದ ಸಲಾನೂ ಹೀಗೇ ಆಯ್ತು, ಆದ್ರೂ ಬೇರೆ ಲ್ಯಾಂಪ್ ಹಾಕ್ಕೊಟ್ಟೆ. ಧೂಳು ಗೀಳು ಕೂತಿತ್ತಾ?”

“ಧೂಳಾ? ಇನ್ನೊಬ್ಬರ ಕೈಗೆ ವಸ್ತು ಕೊಡೋವಾಗ ತೊಳೆದ ಪಾತ್ರೆ ಥರ ಕೊಡೋಳು ನಾನು. ಮೂಲೆ ಮೂಲೇನೂ ಒರೆಸಿಯೇ ತಂದಿದೀನಿ. ನೀವು ಹಳೇ ಮಾಲು ತಳ್ತಿದೀರ, ಅಷ್ಟೆ.”

ಆ ಮಾತು ಅವನಿಗೆ ನಾಟಿತು. ಸೀಲು ಒಡೆಯದ ಡಬ್ಬಿಯೊಂದನ್ನು ತೆರೆದು, ಅವರ ಕಣ್ಣೆದುರೇ ಹೊಸ ಲ್ಯಾಂಪ್ ಹಾಕಿದ.

“ನಡೀರಿ, ನಾನೇ ಬರ್ತೀನಿ. ನಿಮ್ಮ ಶಾಲೇಲೂ ಹೀಗೇ ಉರೀದಿದ್ರೆ ಅಂಗಡಿ ಬೋರ್ಡು ಇಳಿಸ್ತೀನಿ.”

ತರಗತಿಯಲ್ಲಿ ಮಕ್ಕಳು ಪರದೆಯನ್ನೇ ನೋಡುತ್ತ ಕೂತಿದ್ದರು. ಅವನು ಪ್ಲಗ್ ಸಿಕ್ಕಿಸಿ ಸ್ವಿಚ್ಚಿಗೆ ಕೈ ಚಾಚಿದ.

“ತಡೀರಿ,” ಎಂದರು ಟೀಚರ್. “ಹೊಸಾ ಲ್ಯಾಂಪು. ಹಾಗೇ ಹಚ್ಚಬಾರ್ದು.”

ಮೇಜಿನ ಡ್ರಾಯರಿನಿಂದ ಭರಣಿ ತೆಗೆದು, ಬೆರಳು ಒದ್ದೆ ಮಾಡಿಕೊಂಡು, ಎಂದಿನಂತೆ ಭಕ್ತಿಯಿಂದ ಲೆನ್ಸಿನ ನಟ್ಟನಡುವೆ ಅಗಲವಾಗಿ ಕುಂಕುಮ ಇಟ್ಟರು.